ಉಪ್ಪು ಹೆಚ್ಚಿದ ಬಟ್ಟಲು

ಸತ್ತವರ ಬಟ್ಟಲಿಗೆ ನಲವತ್ತೊಂಬತ್ತು ದಿನ ಬೆಳಿಗ್ಗೆ ಉಪ್ಪು ಹಾಕಿದ ಬೆಣ್ಣೆ ಚಹಾ ಹೊಯ್ಯಬೇಕು. ಕೊನೆಯ ದಿನ ಅದನ್ನು ಬರಿದು ಮಾಡಿ ಲಾಮಾರಿಗೆ ಕೊಟ್ಟುಬಿಡಬೇಕು. ನನ್ನ ಗಂಡ ಸ್ತೊಬ್ದನ್‌ಗೆ ನಾನು ನಲವತ್ತೇಳು ದಿನ ಹೊಯ್ದದ್ದು ಪಿಂಗಾಣಿ ಬಟ್ಟಲಿಗೆ. ಅವನ ಮರದ ಬಟ್ಟಲು ಕಳೆದುಹೋಗಿತ್ತು. ಹಾಗೆಂದು ಅವನೇ ಹೇಳಿದ್ದ.

ಮರುದಿನ ಅವನ ಜೊತೆ ಲಾರಿ ಓಡಿಸುತ್ತಿದ್ದ ನೋರ್ಫೆಲ್ ಬಂದ.

“ಕಳೀತಾ? ಚಾಂಗ್ ಲಾ ಘಟ್ಟದ ಕೆಳಗೆ ಯಾಂಗ್‌ಸ್ಕಿತ್ ಅನ್ನೋಳ ಚಹಾದಂಗಡೀಲಿ ಮದುಮಗನ ಹಾಗೆ ಕೂತಿದೆಯಲ್ಲ!” ಎಂದು ನಕ್ಕವನು ನನ್ನ ಅತ್ತೆಯ ಮುಖ ನೋಡಿ ನಾಲಿಗೆ ಕಚ್ಚಿಕೊಂಡ.

ಲಡಾಖಿನಲ್ಲಿ ಒಬ್ಬರ ಬಟ್ಟಲಲ್ಲಿ ಇನ್ನೊಬ್ಬರು ಕುಡಿಯುವುದಿಲ್ಲ. ದಿನಾ ಹೋಗುವ ಮನೆಯಲ್ಲಷ್ಟೇ ಬಟ್ಟಲು ಬಿಟ್ಟು ಬರುತ್ತಾರೆ.

“ಹೋಗಿ ತಂದುಬಿಡು,” ಎಂದರು ಅತ್ತೆ. “ನಾಳೆ ಕೊನೇ ದಿನ, ಚಹಾ ಕುಡಿಯೋಕೆ ಅವನು ಯಾವ ಮನೆಗೆ ಅಂತ ಬರಬೇಕು?”

ಆಗಲೇ ಹೊರಟೆ. ಯಾಂಗ್‌ಸ್ಕಿತ್ ನನಗಿಂತ ದೊಡ್ಡವಳು. ಚೆಲುವೆಯೂ ಅಲ್ಲ. ಅದು ಇನ್ನೂ ಉರಿಸಿತು. ಒಲೆಯ ಪಕ್ಕದ ಮಣೆಯ ಮೇಲೆ ಅವನ ಬಟ್ಟಲಿತ್ತು, ತುಂಬಿಕೊಂಡು.

“ನೀನೂ ಹೊಯ್ತಿದ್ದೀಯಾ?”

“ಮೊದಲನೇ ದಿನದಿಂದ. ಕೂತ್ಕೊಳ್ಳಿ, ತಂಗಿ.”

ಹಾಗಾದರೆ ಇಷ್ಟು ದಿನ ಅವನು ಯಾರ ಚಹಾಕ್ಕೆ ಬಂದ?

ಬಟ್ಟಲನ್ನು ಕೈಗೆತ್ತಿಕೊಂಡೆ. ಮದುವೆಗೆ ಮುಂಚೆ ವಾರಾಣಸಿಯಲ್ಲಿ ಬೌದ್ಧರ ಶೂನ್ಯತೆ ಓದುವಾಗ, ಅಲ್ಲಿನ ವಾದದ ರೀತಿಯಂತೆ ಚಪ್ಪಾಳೆ ತಟ್ಟಿ ವಾದಿಸಿದ್ದೆ: ಮರ ಬಟ್ಟಲಲ್ಲ, ಅಂಚು ಬಟ್ಟಲಲ್ಲ, ಒಳಗಿನ ಬರಿದೂ ಬಟ್ಟಲಲ್ಲ, ಕಡೆದವನು, ಕುಡಿಯುವವನು, ಹೊಯ್ಯುವವಳು ಎಲ್ಲ ಕೂಡಿದಾಗ ಇಟ್ಟುಕೊಂಡ ಹೆಸರು ಅದು. ಹೊಯ್ಯುವವಳು ಇನ್ನೊಬ್ಬಳಿದ್ದರೆ ಎಂದು ಯಾರೂ ಕೇಳಿರಲಿಲ್ಲ. ಈಗ ಅದರಲ್ಲಿ ಅವನದೆಂಬುದನ್ನು ಹುಡುಕಿದೆ. ಸಿಗಲಿಲ್ಲ. ಸೀಳಿದ ಅಂಚಿಗೆ ಹೊಸ ಬೆಳ್ಳಿ ಕಟ್ಟಿಸಿದ್ದು ಕಂಡಿತು. ನಾನು ಕಟ್ಟಿಸಿದ್ದಲ್ಲ.

ಗಟಗಟನೆ ಕುಡಿದುಬಿಟ್ಟೆ.

“ಅಯ್ಯೋ, ಅದು ಸತ್ತವರದ್ದು!”

“ಗೊತ್ತು. ನಿನ್ನ ಕೈಯ ಚಹಾ ಅವರಿಗೆ ಸಿಗಬಾರದು.”

ಬಾಯೆಲ್ಲ ಉಪ್ಪು.

“ಇಷ್ಟು ಉಪ್ಪಾ?”

“ಇಷ್ಟೇ ಬೇಕಿತ್ತು ಅವರಿಗೆ. ಮನೇಲಿ ಹೇಳಿದ್ರೆ ನಿಮಗೆ ಬೇಜಾರಾಗುತ್ತೆ ಅಂತಿದ್ರು.”

ಆರು ವರ್ಷ ನನ್ನ ಚಹಾ ಕುಡಿದು ‘ಚೆನ್ನಾಗಿದೆ’ ಎಂದಿದ್ದ.

ಯಾಂಗ್‌ಸ್ಕಿತ್ ಬಟ್ಟಲು ಒರೆಸಿ ಮುಂದೆ ಚಾಚಿದಳು. “ಒಯ್ಯಿರಿ. ನಿಮ್ಮದೇ ಅಲ್ವಾ?”

ಒಯ್ದರೆ ನಾಳೆ ಅವನ ಕೊನೆಯ ಚಹಾವೂ ಸಪ್ಪೆ. ಬಟ್ಟಲನ್ನು ಮತ್ತೆ ಮಣೆಯ ಮೇಲಿಟ್ಟೆ.

“ನಾಳೆ ಬೆಳಿಗ್ಗೆ ನೀವೇ ನಮ್ಮನೆಗೆ ತಗೊಂಡು ಬನ್ನಿ, ಅಕ್ಕ. ಒಲೆ ಹಚ್ಚಿರ್ತೀನಿ. ಉಪ್ಪು ನೀವೇ ಹಾಕಿ.”

ಮನೆ ಮುಟ್ಟುವವರೆಗೂ ಬಾಯಲ್ಲಿ ಆ ಉಪ್ಪು. ನೀರು ಕುಡಿಯಲಿಲ್ಲ.