ಕೊನೆಯಿಲ್ಲದ ಅಧಿಕೃತ ಗೀತೆ

ಟೂರ್ನಿಯ ಅಧಿಕೃತ ಗೀತೆ ಹಾಡಬೇಕಿದ್ದ ಗಾಯಕಿಗೆ ಉದ್ಘಾಟನೆಯ ದಿನ ಬೆಳಗ್ಗೆಯೇ ಗಂಟಲು ಕಟ್ಟಿತು. ಫುಟ್‌ಬಾಲ್ ಮಂಡಳಿಯ ಕಾರ್ಯದರ್ಶಿ ತಲೆ ಮೇಲೆ ಕೈಹೊತ್ತು ಕೂತಾಗ, ಎದುರು ಮೇಜಿನ ಟೈಪಿಸ್ಟ್ ಕತ್ತೆತ್ತದೆಯೇ, ಆ ಹಾಡು ತನಗೆ ಬಾಯಿಪಾಠ ಬರುತ್ತದೆ ಎಂದಳು.

ಬಾರದೆ ಏನು? ಮೂರು ತಿಂಗಳಿಂದ ಅದು ಕಚೇರಿಯ ಫೋನಿನಲ್ಲಿ, ಲಿಫ್ಟಿನಲ್ಲಿ, ಕ್ಯಾಂಟೀನಿನಲ್ಲಿ ಕಿವಿ ತೂತು ಬೀಳುವಷ್ಟು ಮೊಳಗಿತ್ತು. ಮೇಲಾಗಿ ಅವಳು ಬೆಳೆದದ್ದು ಪದ್ಯ ಒಪ್ಪಿಸುವ ಮನೆಯಲ್ಲಿ. ಸಂಜೆ ಕೈಕಾಲು ತೊಳೆದು ಅಮ್ಮನೆದುರು ಕೂತು, ಕೇಳಿದ್ದನ್ನು ಕೇಳಿದ ಹಾಗೇ ಒಪ್ಪಿಸಬೇಕು. ಸೇರಿಸುವಂತಿಲ್ಲ, ಬಿಡುವಂತಿಲ್ಲ, ನಡುವೆ ಬೇರೆ ಮಾತಾಡುವಂತಿಲ್ಲ. ತಪ್ಪಿಲ್ಲದಿದ್ದರೆ ಅಮ್ಮ ‘ಹೂಂ’ ಅನ್ನುತ್ತಿದ್ದಳು, ಆಮೇಲೆ ಏಳಬಹುದು. ಅಣ್ಣನಿಗೆ ಲೆಕ್ಕವಿಲ್ಲದಷ್ಟು ಹೂಂ ಸಿಕ್ಕಿದ್ದವು. ನಲವತ್ತೆರಡು ದಾಟಿದ ಇವಳಿಗೆ ಇಂದಿನವರೆಗೂ ಒಂದೂ ಇಲ್ಲ. ಪ್ರತಿ ಸಲವೂ ಎಲ್ಲೋ ಒಂದು ಎಳೆತ ಮೊಟಕಾಗಿರುತ್ತಿತ್ತು. ಹೂಂ ಬದಲು ಅಮ್ಮ, ಹೋಗಿ ಊಟ ಮಾಡು ಅಂದರೆ ಅಲ್ಲಿಗೆ ಮುಗಿಯಿತು. ಈ ಸಲ ಆ ಹೂಂ ಪಡೆದೇ ತೀರಬೇಕೆಂದು ಅವಳು ಅಮ್ಮನನ್ನು ಕರೆತಂದು ಮುಂದಿನ ಸಾಲಿನಲ್ಲೇ ಕೂರಿಸಿದಳು. ಅಮ್ಮನ ಕಿವಿ ಈಗೀಗ ಸ್ವಲ್ಪ ಮಂದ.

ಗೀತೆ ಮುಗಿಯುವ ತನಕ ಕ್ರೀಡಾಂಗಣದಲ್ಲಿ ಯಾರೂ ಅಲುಗಾಡಕೂಡದೆಂಬುದು ಮಂಡಳಿಯ ನಿಯಮ. ಅದನ್ನು ಟೈಪ್ ಮಾಡಿದವಳೂ ಅವಳೇ.

ಕಣ್ಣು ಮುಚ್ಚಿ ಹಾಡಿದಳು. ಚೆನ್ನಾಗಿಯೇ ಹಾಡಿದಳು. ‘ಉರುಳಲಿ ಚೆಂಡು, ಕುಣಿಯಲಿ ಲೋಕ’ ಎಂಬ ಕೊನೆಯ ಸಾಲು ಬಂತು. ಮತ್ತೆ ಬಂತು. ಮತ್ತೂ ಬಂತು. ರೆಕಾರ್ಡಿನಲ್ಲಿ ಆ ಹಾಡಿಗೆ ಮುಕ್ತಾಯವೇ ಇರಲಿಲ್ಲ. ಅದೇ ಸಾಲು ತಿರುತಿರುಗಿ ಬರುತ್ತ, ಸದ್ದು ಇಳಿಯುತ್ತ ಇಳಿಯುತ್ತ ಕರಗಿಹೋಗುತ್ತಿತ್ತು. ಕೇಳಿದ್ದನ್ನು ಕೇಳಿದ ಹಾಗೇ ಒಪ್ಪಿಸುವವಳು ಅದನ್ನೂ ಒಪ್ಪಿಸತೊಡಗಿದಳು. ಒಂದೊಂದು ಸುತ್ತಿಗೂ ದನಿಯನ್ನು ಕೂದಲೆಳೆಯಷ್ಟು ಇಳಿಸಿದಳು.

ಹತ್ತು ನಿಮಿಷವಾಯಿತು. ಎದೆ ಮೇಲೆ ಕೈಯಿಟ್ಟ ರೆಫರಿಯ ಕೈ ಜೋಮು ಹಿಡಿಯಿತು. ಗೋಲ್‌ಕೀಪರನ ಮೂಗಿನ ಮೇಲೆ ನೊಣ ಕೂತು ಸಾವಕಾಶವಾಗಿ ಕಾಲು ಉಜ್ಜಿಕೊಂಡಿತು. ಗಾಳಿಗೆ ಚೆಂಡು ನಡುಗೆರೆಯಿಂದ ಉರುಳುತ್ತ ಬಂದು ಗೋಲಿನೊಳಗೆ ಹೋಯಿತು. ಅವನು ಅದನ್ನು ಕಣ್ಣಲ್ಲೇ ಬೀಳ್ಕೊಟ್ಟ. ಇಪ್ಪತ್ತು ನಿಮಿಷಕ್ಕೆ ದನಿ ಇದೆಯೋ ನಿಂತಿದೆಯೋ ಯಾರಿಗೂ ತಿಳಿಯದಾಯಿತು. ತುಟಿ ಮಾತ್ರ ಆಡುತ್ತಿತ್ತು.

“ಮುಗೀತೇನಮ್ಮಾ?” ಕಾರ್ಯದರ್ಶಿ ಮಿಸುಕದೆ, ಹಲ್ಲಿನ ಸಂದಿಯಲ್ಲೇ ಪಿಸುಗುಟ್ಟಿದ. ಒಪ್ಪಿಸುವಾಗ ಉತ್ತರ ಕೊಡುವುದುಂಟೇ?

ಕೊನೆಗೆ ತುಟಿಯೂ ನಿಂತಿತು. ಅವಳು ಕಣ್ಣು ತೆರೆದು ಅಮ್ಮನನ್ನು ನೋಡಿದಳು. ನಲವತ್ತು ಸಾವಿರ ಜನ ಉಸಿರು ಬಿಗಿಹಿಡಿದರು.

ಅಮ್ಮ ಕಿವಿಗೆ ಕೈ ಆನಿಸಿ, “ಕೊನೇ ಸಾಲು ಕೇಳಿಸ್ಲಿಲ್ಲ ಕಣೇ” ಎಂದಳು.

ಆ ಸಾಲನ್ನು ಇನ್ನೂರು ಸಲ ಕೇಳಿ ಬೆಂದುಹೋಗಿದ್ದ ಕ್ರೀಡಾಂಗಣ, ಅಲುಗಾಡದೆಯೇ, ಒಂದೇ ಗಂಟಲಿನಿಂದ ಅದನ್ನು ಕೂಗಿ ಹೇಳಿತು. ಛಾವಣಿಯ ಪಾರಿವಾಳಗಳೆಲ್ಲ ಹಾರಿದವು.

“ಇವರನ್ನ ಯಾರು ಕೇಳಿದ್ರು? ನೀನು ಹೇಳು.”

ಗಟ್ಟಿಯಾಗಿ ಹಾಡಿದರೆ ಕೇಳಿದ ಹಾಗೇ ಒಪ್ಪಿಸಿದಂತಾಗುವುದಿಲ್ಲ. ಮೆಲ್ಲಗೆ ಹಾಡಿದರೆ ಅಮ್ಮನಿಗೆ ಕೇಳುವುದಿಲ್ಲ. ಅವಳು ತುಂಬುದನಿಯಲ್ಲಿ ಒಂದೇ ಸಲ ಆ ಸಾಲು ಹಾಡಿ, ‘ಲೋಕ’ವನ್ನು ತುಂಬಿದ ಕೊಡ ಇಳಿಸಿದ ಹಾಗೆ ನೆಲಕ್ಕಿಳಿಸಿ ನಿಲ್ಲಿಸಿಬಿಟ್ಟಳು.

ಅಮ್ಮ ಕಿವಿಯಿಂದ ಕೈ ಇಳಿಸಿದಳು.

“ನಿಮ್ಮ ಆಫೀಸಿಗೆ ಫೋನ್ ಮಾಡ್ದಾಗ ಹೀಗಿರ್ಲಿಲ್ಲ” ಎಂದಳು. “ಆದ್ರೂ ಹೀಗೇ ಇರ್ಬೇಕಿತ್ತು. ಹೂಂ.”

ನಲವತ್ತು ಸಾವಿರ ಮೂಗುಗಳನ್ನು ಒಟ್ಟಿಗೇ ತುರಿಸಿಕೊಂಡ ಸದ್ದಾಯಿತು. ಗಾಳಿ ಹೊಡೆದ ಗೋಲು ಯಾರ ಪಾಲಿಗೆ ಎಂದು ರೆಫರಿಯ ಸುತ್ತ ಜಗಳ ಶುರುವಾಯಿತು. ಟೈಪಿಸ್ಟ್ ಕಿವಿಗೆ ಅದಾವುದೂ ಬೀಳಲಿಲ್ಲ. ಹೂಂ ಸಿಕ್ಕ ಮೇಲೆ ಏಳಬೇಕು. ಅವಳೋ ಮೊದಲಿನಿಂದಲೂ ನಿಂತೇ ಇದ್ದಳು. ಏನು ಮಾಡುವುದೆಂದು ತೋಚದೆ ಹುಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಆಮೇಲೆ ಎದ್ದಳು.