ಮಂಕು ಚುಕ್ಕೆ

ಮತ್ತೆ ಜೋಡಿ, ಸೂಕ್ಷ್ಮದರ್ಶಕದ ಪರದೆಯ ಮೇಲೆ ಸಾಲಿನ ಕೆಳಗೆ ಸಾಲು ಇಳಿಯುತ್ತಿದೆ, ಒಂದು ದೊಡ್ಡ ಚುಕ್ಕೆ, ಅದರ ಬಲಕ್ಕೆ ಅಂಟಿಕೊಂಡು ಒಂದು ಮಂಕು ಚುಕ್ಕೆ, ಮತ್ತೆ ದೊಡ್ಡದು, ಬಲಕ್ಕೆ ಮಂಕು — ಚಿನ್ನದ ಮೇಲೆ ಅಣುಗಳು ಎರಡೆರಡಾಗಿ ಕೂತಿವೆ ಎನ್ನುತ್ತಾನೆ ನನ್ನ ವಿದ್ಯಾರ್ಥಿ ಆಸ್ಗರ್, ಹನ್ನೆರಡಕ್ಕೆ ಪ್ರಬಂಧ ಕಳಿಸಬೇಕು, ಥರ್ಮಾಸಿನ ಕಾಫಿ ಆಗಲೇ ಹುಳಿ, ರೈ ಬ್ರೆಡ್ಡಿನ ಡಬ್ಬಿ ತೆರೆದಿಲ್ಲ, ಯಾಕೆ ಎಲ್ಲವೂ ಬಲಕ್ಕೇ? ಬೆಳಿಗ್ಗೆ ಮಗಳು ವಿಗ್ಗಾಳನ್ನು ಶಿಶುವಿಹಾರಕ್ಕೆ ಬಿಟ್ಟಾಗ ಬಾಗಿಲ ಬಳಿ ಇಪ್ಪತ್ತು ಜೊತೆ ರಬ್ಬರ್ ಬೂಟು, ಒಂದು ಗೋಡೆಗೆ ಮುಖ, ಒಂದು ಬಾಗಿಲಿಗೆ, ಅವಳದು ಕವುಚಿ ಬಿದ್ದು, ಅಮ್ಮಾ ಇವತ್ತೂ ಲೇಟಾಗಿ ಬರ್ತೀಯಾ, ಇಲ್ಲ ಪುಟ್ಟಾ, ಸುಳ್ಳಿ ನೀನು — ನಿಜವಾದ ಜೋಡಿಗಳು ಆ ಬೂಟುಗಳ ಹಾಗೆ ಬೀಳುತ್ತವೆ, ಈ ಚಿನ್ನದಲ್ಲಂತೂ ಜೋಡಿ ಕೂರಲು ಮೂರು ದಿಕ್ಕು, ಮೂರೂ ಒಂದೇ ಸಮ, ಅಣುವಿಗೆ ಬಲದ ಮೇಲೇನು ವ್ಯಾಮೋಹ, ಮುಟ್ಟದೆ ತಡವಿ ಚಿತ್ರ ಬರೆಯುವ ಈ ಸೂಜಿಯ ತುದಿ ಸೀಳಿದ್ದರೆ ಮಾತ್ರ ಒಂದು ಎರಡಾಗಿ ಕಾಣುತ್ತದೆ, ಯಾವಾಗಲೂ ಒಂದೇ ಬದಿಗೆ. ಇವನಿಗೆ ಗೊತ್ತಿಲ್ಲವೇ, ಗೊತ್ತಿದ್ದೂ ಬೇಕಾದ ಚಿತ್ರಗಳನ್ನಷ್ಟೇ ಆರಿಸಿದನೇ, ಆ ನಗು ನೋಡು. ಸೂಜೀನ ಒಂದ್ಸಲ ಚಿನ್ನಕ್ಕೆ ಚುಚ್ಚಿ ತೆಗಿ ಆಸ್ಗರ್, ತುದಿ ಹೊಸದಾಗ್ಲಿ. ಈಗ್ಲಾ ಸಿಡ್ಸೆಲ್, ಇಷ್ಟು ಚೆನ್ನಾಗಿ ಬರ್ತಿರೋವಾಗ? ಚುಚ್ಚು. ನೀನು ಕಾಫಿ ಕುಡಿಯೋಕೆ ಮುಂಚೇನೂ ಸೂಜಿ ಅದ್ದಿ ನೋಡ್ತೀಯೇನೋ, ಗೊಣಗಿದ. ಚುಚ್ಚಿದ, ತೆಗೆದ, ಇಬ್ಬರೂ ಉಸಿರು ಬಿಗಿಹಿಡಿದೆವು, ಕುರ್ಚಿ ಕಿರುಗುಟ್ಟಿದರೂ ಸೂಜಿ ನಡುಗುತ್ತದೆ, ಸಾಲು ಇಳಿಯಿತು, ಒಂದು ಚುಕ್ಕೆ, ಒಂದು, ಒಂದು, ಮಂಕು ಎಲ್ಲೂ ಇಲ್ಲ, ಜೋಡಿಯೇ ಇಲ್ಲ. ಗೆದ್ದೆ ಅನ್ನಿಸಬೇಕಿತ್ತು. ಅವನ ಕಿವಿ ಕೆಂಪಾಗಿದೆ, ಪಾಪ, ಮೋಸಗಾರನಲ್ಲ — ಆದ್ರೆ ನಿನ್ನ ಚಿತ್ರದಲ್ಲೂ ಹೀಗೇ ಇತ್ತಲ್ಲಾ ಸಿಡ್ಸೆಲ್, ಅದನ್ನ ನೋಡ್ಕೊಂಡೇ ನಾನು ಹುಡುಕಿದ್ದು.

ನನ್ನ ಚಿತ್ರ, ಹೊರಗೆ ಕಾರಿಡಾರಿನ ಗೋಡೆಯಲ್ಲಿ ಚೌಕಟ್ಟಿನೊಳಗೆ ಹನ್ನೊಂದು ವರ್ಷದಿಂದ, ಈ ಕೆಲಸ ಕೊಡಿಸಿದ್ದೇ ಅದು, ದಿನಾ ಅದರ ಮುಂದೆಯೇ ಕೋಟು ಬಿಚ್ಚುತ್ತೇನೆ, ಅಲ್ಲಿ ಎಲ್ಲ ಜೋಡಿಗಳೂ ಎಡಕ್ಕೆ, ಎಡಕ್ಕೇ ಅಲ್ಲವೇ, ಅದು ಬೇರೆ ಸೂಜಿ, ಬೇರೆ ಅಣು, ನಿಜಕ್ಕೂ ಜೋಡಿಗಳೇ ಇರಬಹುದು, ಚಿತ್ರದ ಮೂಲೆಯಲ್ಲೊಂದು ಕಸವಿದೆ, ಕಸಕ್ಕೆ ಜೋಡಿ ಬೇಕಿಲ್ಲ, ಸೂಜಿ ಸೀಳಿದ್ದರೆ ಮಾತ್ರ ಅದೂ ಎರಡಾಗುತ್ತದೆ, ಅದು ಒಂಟಿಯಾಗಿದ್ದರೆ ನಾನು ಬದುಕಿದೆ, ಎದ್ದೆ, ಬಾಗಿಲು ಮೆಲ್ಲಗೆ, ಎಲ್ಲಿಗೆ ಹೊರಟೆ ಎನ್ನುತ್ತಾ ಅವನೂ ಹಿಂದೆಯೇ, ಇವನಿಗೆ ಮೊದಲೇ ಗೊತ್ತಿತ್ತೇ, ಕಾಯುತ್ತಿದ್ದನೇ, ಗಾಜಿನಲ್ಲಿ ನನ್ನ ಮುಖ, ಮುಖದಾಚೆ ಕಸ, ಕಸದ ಎಡಕ್ಕೆ, ಅಂಟಿಕೊಂಡು, ಮಂಕಾಗಿ, ಇನ್ನೊಂದು ಕಸ