ಎದೆ ನೋಡುವ ಕೋಣೆ

"ಅದ್ರ ಮೇಲೇ ಮಲ್ಕೊ. ಬೆಡ್‌ಶೀಟಿಗೆ ಮೈ ತಾಗಿಸ್ಬೇಡ."

ಅದು ಅಂದರೆ ಆಸ್ಪತ್ರೆಯ ಕಸ ತುಂಬುವ ಹಳದಿ ಚೀಲ. ನರ್ಸ್ ಅರ್ಪಿತ ಅದನ್ನು ಕತ್ತರಿಯಲ್ಲಿ ಸೀಳಿ ಮಂಚದ ಉದ್ದಕ್ಕೂ ಹಾಸಿದ್ದಳು. ತೇಜಸ್ವಿನಿ ಮಲಗಿದಳು. ಬೆವರಿದ ಬೆನ್ನಿಗೆ ಪ್ಲಾಸ್ಟಿಕ್ಕು ಅಂಟಿಕೊಂಡಿತು.

"ಬೆಳಿಗ್ಗೆ ಎಂಟ್ ಗಂಟೆಗೇ ಬಂದಿವ್ನಿ ಕಣವ್ವಾ," ಮೂಲೆಯಿಂದ ಅಜ್ಜಿ ಮುನಿಯಕ್ಕ ಅಂದಳು. "ನಮ್ ಹಿಂದೆ ಬಂದೋರೆಲ್ಲ ನೋಡಿಸ್ಕೊಂಡು ಹೋದ್ರು. ಈಗ ಒಂದೂವರೆ."

"ಇಂಥ ಕೇಸು ಊಟಕ್ಕೆ ಮುಂಚೆ ಲಾಸ್ಟು, ಅಜ್ಜಿ. ಆಮೇಲೆ ರೂಮು ತೊಳೀಬೇಕಲ್ಲ."

"ತೊಳಿಯೋಕೆ ಅವ್ಳೇನು ಹೇತವಳಾ?"

ಅರ್ಪಿತ ಮೂಗಿನ ಮೇಲಿನ ಮಾಸ್ಕನ್ನು ಇನ್ನಷ್ಟು ಮೇಲಕ್ಕೆಳೆದುಕೊಂಡು ಹೊರಗೆ ಹೋದಳು.

ತೇಜಸ್ವಿನಿಗೆ ಇಪ್ಪತ್ತೊಂದು. ಎಚ್‌ಐವಿ ಅವಳಿಗೆ ತಾಯಿಯ ಹೊಟ್ಟೆಯಿಂದಲೇ ಬಂದದ್ದು. ಹೆತ್ತವರಿಬ್ಬರೂ ಅವಳಿಗೆ ನಾಲ್ಕು ತುಂಬುವ ಮುಂಚೆಯೇ ಮಣ್ಣಾದರು. ಬನಶಂಕರಿಯ ಒಂದು ಕೋಣೆಯಲ್ಲಿ ಮುನಿಯಕ್ಕ ಮುದ್ದೆಯ ಜೊತೆ ಮಾತ್ರೆಯನ್ನೂ ನುಂಗಿಸಿ ಬೆಳೆಸಿದಳು. ಒಂದು ಹೊತ್ತೂ ತಪ್ಪಿಸಲಿಲ್ಲ. ಈಗ ರಕ್ತ ಪರೀಕ್ಷೆ ಮಾಡಿದರೆ ವೈರಸ್ಸು ಕಣ್ಣಿಗೇ ಬೀಳುವುದಿಲ್ಲ. ಆದರೆ ಮೂರು ತಿಂಗಳಿಂದ ಜಯನಗರದಲ್ಲಿ ತಾನು ಸೀರೆಗೆ ಕುಚ್ಚು ಕಟ್ಟುವ ಅಂಗಡಿಯ ಮೆಟ್ಟಿಲು ಹತ್ತುವಾಗ ಎರಡು ಕಡೆ ಕೂತು ಉಸಿರು ತಗೊಳ್ಳಬೇಕು. ಸಂಜೆಗೆ ಕಾಲು ಊದುತ್ತದೆ.

ಮಾತ್ರೆ ಕೊಡುವ ಸರ್ಕಾರಿ ಸೆಂಟರಿನ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು: "ಹುಟ್ಟಿದಾಗಿಂದ ಇದರ ಜೊತೆ ಬೆಳೆದೋರ ಹೃದಯ ವಯಸ್ಸಿಗೆ ಮುಂಚೆ ದಣೀಬಹುದು ಕಣೆ. ಎದೆಯ ಸ್ಕ್ಯಾನು, ಎಕೋ ಅಂತಾರೆ, ಮಾಡಿಸ್ಕೊಂಡು ಸೋಮವಾರ ಬಾ. ಅದನ್ನ ನೋಡಿಯೇ ನಾನು ಔಷಧಿ ಬರೆಯೋದು." ಅಲ್ಲಿಯ ಮೆಷಿನ್ನಿನ ಸರದಿ ಎರಡು ತಿಂಗಳಾಚೆ ಇತ್ತು. ಅದಕ್ಕೇ ಜೆ.ಪಿ. ನಗರದ ಈ ಸ್ಕ್ಯಾನಿಂಗ್ ಸೆಂಟರು.

ಟೆಕ್ನಿಷಿಯನ್ ಶಶಿಧರ್ ಬಂದ. ಕೈಗೆ ಎರಡೆರಡು ಗ್ಲೌಸು. ಎದೆಯ ಮೇಲೆ ಒತ್ತಿ ನೋಡುವ ಹಿಡಿಗೆ ಪ್ಲಾಸ್ಟಿಕ್ ಕವರು ಕಟ್ಟಿದ್ದ. ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವ ಹಾಗೆ ಅದನ್ನು ವೈರಿನಲ್ಲಿ ಹಿಡಿದೆತ್ತಿ ಅವಳ ಹೊಟ್ಟೆಯ ಮೇಲೆ ಬಿಟ್ಟ.

"ನೀನೇ ಹಿಡ್ಕೊ. ಜೆಲ್ ಹಚ್ಕೊಂಡು ಎಡಗಡೆ ಎದೆ ಕೆಳಗೆ ಇಡು."

"ಸಾರ್, ನಂಗೆ ಹೆಂಗೆ ಗೊತ್ತಾಗುತ್ತೆ?"

"ನಾನು ಹೇಳ್ತೀನಿ, ನೀನು ಆಡಿಸು. ಅಷ್ಟೇ."

ಮೂರು ಹೆಜ್ಜೆ ಆಚೆ, ಗೋಡೆಯ ಲಕ್ಷ್ಮಿ ಪಟದ ಕೆಳಗೆ ಅವನು ನಿಂತ. ತೇಜಸ್ವಿನಿ ರವಿಕೆ ಸರಿಸಿ ತಣ್ಣನೆಯ ಅಂಟನ್ನು ತಾನೇ ಬಳಿದುಕೊಂಡಳು. "ಮೇಲೆ. ಇನ್ನೂ ಮೇಲೆ. ಒತ್ತು," ಅನ್ನುತ್ತಿದ್ದವನು ಒಂದು ನಿಮಿಷಕ್ಕೆ ಎರಡೂ ಜೊತೆ ಗ್ಲೌಸು ಬಿಚ್ಚಿ ಫೋನು ತೆಗೆದ. ಯಾವುದೋ ಕ್ರಿಕೆಟ್ಟು. ಕಿವಿಯೊಳಗೆ ಕಿರುಬೆರಳು ತಿರುವಿ, ಅದನ್ನು ಪ್ಯಾಂಟಿಗೆ ಒರೆಸಿದ. ತೇಜಸ್ವಿನಿ ಆ ಬೆರಳನ್ನೇ ನೋಡಿದಳು.

ಅವಳು ಹಿಡಿಯನ್ನು ಎದೆಯಿಂದ ಎತ್ತಿ, ಪಕ್ಕದ ಹಳದಿ ಚೀಲದ ಮೇಲೆ ಒತ್ತಿ ಹಿಡಿದಳು. ಮೆಷಿನ್ನಿನ ಪರದೆಯೆಲ್ಲ ಕಪ್ಪಾಯಿತು.

"ಈಗ ಸರಿ ಇದೆಯಾ ಸಾರ್?"

"ಹಾಂ, ಹಂಗೇ ಇಟ್ಕೊ. ಚೆನ್ನಾಗ್ ಬರ್ತಿದೆ."

ಮೂಲೆಯಲ್ಲಿ ಮುನಿಯಕ್ಕ ಎಲ್ಲ ಕಂಡಳು. ನಗು ತಡೆಯಲು ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಜೆಲ್ ಒರೆಸುವ ಮುಂಚೆಯೇ ರಿಪೋರ್ಟು ಬಂತು. ಅರ್ಪಿತ ಅದನ್ನು ಕೈಗೆ ಕೊಡದೆ ಸ್ಟೂಲಿನ ಮೇಲೆ ಇಟ್ಟಳು. ತೇಜಸ್ವಿನಿ ಓದಿದಳು. ಕವಾಟ ನಾರ್ಮಲ್. ಪಂಪಿಂಗ್ ನಾರ್ಮಲ್. ಕೊನೆಯಲ್ಲಿ ಈ ಸ್ಕ್ಯಾನಿಂಗ್ ಸೆಂಟರಿನ ಡಾಕ್ಟರ್ ಅನಂತಪದ್ಮನಾಭರ ಸಹಿ.

ಇಂಥದೇ ಹಾಳೆಯನ್ನು ಅವಳು ಹಿಂದೆ ನೋಡಿದ್ದಳು. ಮಾತ್ರೆಯ ಸಾಲಿನಲ್ಲಿ ಚಿಕ್ಕಂದಿನಿಂದ ಅವಳ ಪಕ್ಕ ನಿಲ್ಲುತ್ತಿದ್ದ ಲಿಖಿತ್, ಬಿಟಿಎಂನಲ್ಲಿ ಊಟದ ಪಾರ್ಸೆಲ್ ಹೊತ್ತು ನಾಲ್ಕನೇ ಮಹಡಿ ಹತ್ತುವಾಗ ಕುಸಿದು ಸತ್ತ. ಅವನ ಜೇಬಿನಲ್ಲಿದ್ದ ಹಾಳೆಯಲ್ಲೂ ಎಲ್ಲ ನಾರ್ಮಲ್. ಕೆಳಗೆ ಇದೇ ಸಹಿ.

"ಆಯ್ತಲ್ಲ, ಏಳಮ್ಮ," ಅಂದ ಶಶಿಧರ್.

"ಯಾರ ಹೃದಯ ಸಾರ್ ಇದು?"

"ಅಂದ್ರೆ?"

"ನಾನು ಇಟ್ಟಿದ್ದು ಕಸದ ಚೀಲದ ಮೇಲೆ. ನಿಮ್ ಚೀಲದ ಪಂಪಿಂಗು ನಾರ್ಮಲ್ ಐತಂತೆ. ನನ್ನದು ನೋಡಿ."

ಅವನ ಮುಖ ಹುಳಿ ತಿಂದ ಹಾಗಾಯಿತು. "ತಲೆ ತಿನ್ಬೇಡ. ಟೈಮಾಯ್ತು, ಏಳು."

ತೇಜಸ್ವಿನಿ ಎದ್ದಳು. ಎದ್ದು ಬೆನ್ನಡಿಯ ಚೀಲವನ್ನು ಎಳೆದು ಅವನ ಕಾಲ ಬುಡಕ್ಕೆ ಎಸೆದಳು. ಬಿಳಿ ಬೆಡ್‌ಶೀಟಿನ ಮೇಲೆ ಮತ್ತೆ ಮಲಗಿದಳು, ತಲೆದಿಂಬಿಗೆ ಕೆನ್ನೆ ತಾಗಿಸಿ.

"ನೋಡೋಗಂಟ ಏಳಾಕಿಲ್ಲ."

"ಏಯ್, ಅದನ್ನೆಲ್ಲ ಸುಡಬೇಕು ಈಗ. ಅಜ್ಜಿ, ಹೇಳ್ರೀ ಇವಳಿಗೆ."

"ನೋಡ್ಲಾ ಬೋಳಿಮಗನೆ, ಅವ್ಳ ಎದೆ ನೋಡು," ಅಂದಳು ಮುನಿಯಕ್ಕ, ದೇವರ ಮುಂದೆ ಹರಕೆ ಹೇಳಿಕೊಳ್ಳುವಷ್ಟು ಮೆಲ್ಲಗೆ. ಹೋಗಿ ಕೋಣೆಯ ಬಾಗಿಲನ್ನು ಪೂರ್ತಿ ತೆರೆದು ಅದಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು.

ಹೊರಗೆ ಮಧ್ಯಾಹ್ನದ ಪಾಳಿಯವರು ಆಗಲೇ ತುಂಬಿದ್ದರು. ಮಡಿಲಲ್ಲಿ ಫೈಲು ಇಟ್ಟುಕೊಂಡ ರಿಟೈರ್ಡ್ ಮನುಷ್ಯರು, ಅವರ ಹೆಂಡಂದಿರು. ಗಲಾಟೆ ಕೇಳಿ ಅನಂತಪದ್ಮನಾಭ ಊಟ ಬಿಟ್ಟು ಬಂದರು. ಬಲಗೈಯಲ್ಲಿ ಮೊಸರನ್ನದ ಅಗುಳು.

"ಎಬ್ಬಿಸ್ರೀ ಅವಳನ್ನ. ಎಳೆದು ಹಾಕಿ ಆಚೆಗೆ."

ಶಶಿಧರ್ ಅರ್ಪಿತಳನ್ನು ನೋಡಿದ. ಅರ್ಪಿತ, ಡಾಕ್ಟರ ಹಿಂದೆಯೇ ಬಂದಿದ್ದ ಸೆಕ್ಯೂರಿಟಿ ದ್ಯಾಮಣ್ಣನನ್ನು ನೋಡಿದಳು. ದ್ಯಾಮಣ್ಣ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

"ನಂಗೆ ಚಿಕ್ ಮಕ್ಳವೆ ಸಾರ್. ನೀವೇ ಎಳೀರಿ."

ಡಾಕ್ಟರು ಅಗುಳು ಮೆತ್ತಿದ ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ಹೊಸ್ತಿಲಲ್ಲೇ ನಿಂತರು.

ತೇಜಸ್ವಿನಿ ಹಿಡಿಗೆ ಕಟ್ಟಿದ್ದ ಕವರನ್ನು ಹಲ್ಲಿನಿಂದ ಹರಿದಳು. ಬರಿ ಹಿಡಿಯನ್ನು ಎಡ ಎದೆಯ ಕೆಳಗೆ, ಪಕ್ಕೆಲುಬಿನ ಸಂದಿಯಲ್ಲಿ ಒತ್ತಿಕೊಂಡು ಮೆಲ್ಲಗೆ ಹೊರಳಿಸುತ್ತ ಹೋದಳು. ಕಪ್ಪು ಪರದೆಯಲ್ಲಿ ಬೂದು ಬಣ್ಣದ್ದೊಂದು ಅಲುಗಿತು. ಊದಿಕೊಂಡ ಚೀಲದಂಥದ್ದು. ಹಿಂಡಿಕೊಳ್ಳಲು ಹೋಗಿ, ಅರ್ಧಕ್ಕೇ ಸೋತು, ಮತ್ತೆ ಅಗಲವಾಗುತ್ತಿತ್ತು.

ಹೊರಗಿನ ಕುರ್ಚಿಗಳಿಗೂ ಅದು ಕಾಣುತ್ತಿತ್ತು. ಯಾರೋ ಮುದುಕರು ಕನ್ನಡಕ ಏರಿಸಿಕೊಂಡು ನೋಡಿದರು. ಆಮೇಲೆ ಪಕ್ಕದವರನ್ನು ಕೇಳಿದರು:

"ಆ ಮಂಚದ ಮೇಲೇನಾ ನಮ್ಮನ್ನೂ ಮಲಗಿಸೋದು?"